ತಳಕ್ಕಿಟ್ಟ ಕುಂಕುಮ

ದಿನಾ ಬೆಳಿಗ್ಗೆ ಇಸ್ತ್ರಿಪೆಟ್ಟಿಗೆಯನ್ನು ಮುಟ್ಟಿ ಕಣ್ಣಿಗೊತ್ತಿಕೊಳ್ಳದೆ ಇಸ್ತ್ರಿಯವನು ಅದಕ್ಕೆ ಕೆಂಡ ತುಂಬುತ್ತಿರಲಿಲ್ಲ. ಆಯುಧಪೂಜೆಯ ದಿನ ಅನ್ನ ಕೊಡುವ ಆ ಪೆಟ್ಟಿಗೆಗೆ ರಜೆ, ಹೂವಿಟ್ಟು ಕೈಮುಗಿಯುವುದಷ್ಟೇ. ಈ ಸಲ ಹೆಂಡತಿ, "ದುಡಿಯೋದು ತಳ ತಾನೇ? ನಿಮ್ಮ ಹಾಗೆ ಕೂತು ತಿನ್ನಲ್ಲ," ಎಂದು ನಗುತ್ತಾ ತಳಕ್ಕೂ ಕುಂಕುಮ ಹಚ್ಚಿದಳು.

ಮರುದಿನ ಅದನ್ನು ಒರೆಸಲು ಮರೆತು, ಊರ ಶಾಲೆಯ ಮೇಷ್ಟರ ಬಿಳಿ ಅಂಗಿಯ ಮೇಲೆ ಪೆಟ್ಟಿಗೆ ಎಳೆದವನು ಥಟ್ಟನೆ ಅದನ್ನು ಮೇಲೆತ್ತಿದ. ಎದೆಯ ಭಾಗಕ್ಕೇ ಕೆಂಪು ಗೆರೆ ಬಿದ್ದಿತ್ತು. ಸಂಜೆ ಆ ಅಂಗಿ ತೊಟ್ಟೇ ಅವರು ನಿವೃತ್ತಿಯ ಸನ್ಮಾನಕ್ಕೆ ಹೋಗಬೇಕಿತ್ತು. ಮೂವತ್ತು ವರ್ಷ ಅವನು ಯಾರ ಬಟ್ಟೆಗೂ ಕಲೆ ತಾಗಿಸಿರಲಿಲ್ಲ.

ಮೇಷ್ಟರು ಬಂದು ನೋಡಿದರು. "ಪೂಜೆ ಕುಂಕುಮ ಕಣಯ್ಯ, ಬಿಡು. ಬೇರೆ ಅಂಗಿ ಹಾಕ್ಕೋತೀನಿ."

"ಬೇಡ ಸ್ವಾಮಿ. ಸಂಜೆಯೊಳಗೆ ಇದನ್ನೇ ತೊಳೆದು ತರ್ತೀನಿ," ಎಂದು ಅವನು ಅಂಗಿಯನ್ನು ಅವಚಿಕೊಂಡು ನಲ್ಲಿಯತ್ತ ನಡೆದ.