ಚಾವಣಿ ಮೇಸ್ತ್ರಿಯ ಕತ್ತು

ಚಾವಣಿಗೆ ಗಾರೆ ಬಳಿಯುವ ಮೇಸ್ತ್ರಿಯನ್ನು ಜೊತೆಗಾರರು ಆಕಾಶರಾಯ ಎನ್ನುತ್ತಿದ್ದರು. ಬೆಳಗಿನಿಂದ ಸಂಜೆಯವರೆಗೆ ಅಟ್ಟಣಿಗೆಯ ಮೇಲೆ ನಿಂತು, ತಲೆ ಹಿಂದಕ್ಕೆ ಚೆಲ್ಲಿ ಕರಣೆ ಎಳೆಯುವುದೇ ಅವರ ಬದುಕು. ಐವತ್ತು ದಾಟುವ ಹೊತ್ತಿಗೆ ಕತ್ತಿನ ಎರಡು ಡಿಸ್ಕ್‌ಗಳು ಸವೆದು, ನೋವು ಹೆಗಲಿಗಿಳಿಯಿತು.

ಹೆಂಡತಿಯೊಂದಿಗೆ ಆಸ್ಪತ್ರೆಗೆ ಹೋದಾಗ ಡಾಕ್ಟರಮ್ಮ ಎರಡು ದಾರಿ ವಿವರಿಸಿದರು. ಸವೆದದ್ದನ್ನು ತೆಗೆದು ಅಲುಗಾಡುವ ಕೃತಕ ಡಿಸ್ಕ್ ಕೂರಿಸುವುದು. ಇಲ್ಲವೇ ಮೂಳೆಗಳನ್ನೇ ಬೆಸೆಯುವುದು. ಮೊದಲನೆಯದರಲ್ಲಿ ಆ ಜಾಗದ ಚಲನೆ ಉಳಿಯುತ್ತದೆ, ಎರಡನೆಯದರಲ್ಲಿ ಹೋಗುತ್ತದೆ.

"ಹಾಗಾದ್ರೆ ಅಲುಗಾಡೋದೇ ಹಾಕಿಬಿಡಿ," ಎಂದರು ಮೇಸ್ತ್ರಿ.

"ನಿಮಗೆ ಅದು ಆಗಲ್ಲ. ಕತ್ತಿನ ಹಿಂಬದಿಯ ಕೀಲುಗಳೂ ಸವೆದಿವೆ, ಅಲುಗಾಡಿದಷ್ಟೂ ನೋಯ್ತವೆ. ಬೆಸೆದ್ರೆ ಕತ್ತೇನೂ ಕಂಬ ಆಗಲ್ಲ, ತಿರುಗೋದು ಸ್ವಲ್ಪ ಕಡಿಮೆ ಆಗುತ್ತೆ. ಬೆನ್ನುಹುರಿ ಮೇಲೆ ಒತ್ತಡ ಬೀಳ್ತಿದೆ, ತಡ ಮಾಡ್ಬೇಡಿ. ಕೈಯಿಂದ ಸಾಮಾನು ಜಾರಿದ್ರೆ ಅವತ್ತೇ ಬನ್ನಿ."

"ಒಪ್ಕೊಳ್ರೀ," ಎಂದರು ಹೆಂಡತಿ, ಹೊರಗೆ ಬಂದು.

"ಕತ್ತು ಎತ್ತದ ಮೇಸ್ತ್ರಿನ ಯಾರು ಕರೀತಾರೆ? ನೆಲ ಒರೆಸೋಕೆ ಹೋಗ್ಲಾ?"

"ಮನೇಲಿ ಒಂದಿನಾನೂ ಒರೆಸಿದ್ದು ಕಾಣೆ!"

ಇಬ್ಬರೂ ನಕ್ಕರು. ಮೇಸ್ತ್ರಿ ಮಾತ್ರ ಒಪ್ಪಲಿಲ್ಲ. ಅಲುಗಾಡುವ ಡಿಸ್ಕ್ ಹಾಕುವವರು ಸಿಕ್ಕಾರೆಂದು ಆಸ್ಪತ್ರೆಯಿಂದ ಆಸ್ಪತ್ರೆಗೆ ಅಲೆದರು. ಎಲ್ಲರದೂ ಒಂದೇ ಮಾತು.

ಅಲೆದಾಟದ ನಡುವೆ ಕೆಲಸವೂ ಸಾಗಿತ್ತು, ಬಲಗೈ ಬೆರಳುಗಳು ಜೋಮು ಹಿಡಿದವು. ಗಾರೆಯವರಿಗೆ ಇದು ಹೊಸದಲ್ಲ. ಸಿಮೆಂಟಿನ ಹಸಿಯಲ್ಲಿ ಎಲ್ಲರ ಕೈಯೂ ಒಂದಲ್ಲ ಒಂದು ದಿನ ಮರಗಟ್ಟುತ್ತದೆ, ಎಣ್ಣೆ ತಿಕ್ಕಿ ಮಲಗುತ್ತಾರೆ. ಮೇಸ್ತ್ರಿಯೂ ತಿಕ್ಕಿದರು. ಕರಣೆ ಜಾರತೊಡಗಿದಾಗ ಅದರ ಹಿಡಿಗೆ ಬಟ್ಟೆ ಸುತ್ತಿಕೊಂಡರು. ಹೊಸ ಡಾಕ್ಟರುಗಳ ಮುಂದೆ ಕತ್ತಿನ ಮಾತಷ್ಟೇ ಆಡಿದರು. ಕೈಯದು ಕಸುಬಿನ ಕಾಟ, ಅದನ್ನೇನು ಹೇಳುವುದು!

ಕೊನೆಗೊಂದು ಬೆಳಗ್ಗೆ ಅಂಗಿಯ ಗುಂಡಿ ಹಾಕಲಾಗದೆ ನಿಂತವರನ್ನು ಹೆಂಡತಿ ಮೊದಲಿನ ಡಾಕ್ಟರಮ್ಮನ ಬಳಿಗೇ ಕರೆದೊಯ್ದರು.

"ಕೈ ಯಾವಾಗಿಂದ ಹೀಗಿದೆ?"

"ಅದು ಸಿಮೆಂಟಿಂದಮ್ಮಾ."

ಡಾಕ್ಟರಮ್ಮ ಅವರ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ನೋಡಿದರು. ಅದೇ ವಾರ ಮೂಳೆ ಬೆಸೆದರು.

ಹೆಗಲಿನ ನೋವು ಹೋಯಿತು. ಕತ್ತು ಅವರು ಹೆದರಿದಷ್ಟು ಬಿಗಿಯಾಗಲಿಲ್ಲ. ಚಾವಣಿ ಕಾಣುವಷ್ಟು ಏಳುತ್ತದೆ. ಕೈಯ ಹಿಡಿತ ಮರಳಲಿಲ್ಲ. ಬೆನ್ನುಹುರಿ ಬಹಳ ಕಾಲ ನಲುಗಿತ್ತು. ಇನ್ನು ಇಷ್ಟೇ ಎಂದರು ಡಾಕ್ಟರಮ್ಮ.

ಈಗ ಅಟ್ಟಣಿಗೆ ಹತ್ತುವವನು ಹೆಂಡತಿಯ ತಮ್ಮ. ಮೇಸ್ತ್ರಿ ಕೆಳಗೆ ನಿಂತಿರುತ್ತಾರೆ.

"ಭಾವ, ಸರಿಯಾಗಿದ್ಯಾ ನೋಡಿ."

ಮೇಸ್ತ್ರಿ ತಲೆಯೆತ್ತಿದರು. "ಒಂದು ಕಡೆ ಉಬ್ಬಿದೆಯಲ್ಲೋ."

"ಎಲ್ಲಿ? ತೋರ್ಸಿ."

ಅವರು ಬಲಗೈ ಎತ್ತಿದರು. ಮಡಚಿದ ಬೆರಳುಗಳು ಬಿಚ್ಚಿಕೊಳ್ಳಲಿಲ್ಲ. ಕೈ ಇಳಿಸಿ, ಗದ್ದವನ್ನು ಮೂಲೆಯ ಕಡೆಗೆ ಚಾಚಿದರು.

"ಅಲ್ಲಿ."