ನೂರಿಪ್ಪತ್ತು ಕಿಲೋಲೈನು

ಮಗಳು ಕಾಲೇಜು ಸೇರಿದ ವರ್ಷ ನಾನು ಕೆಲಸಕ್ಕೆ ಸೇರಿದೆ. ಪುಣೆ ಹತ್ತಿರದ ಚಾಕಣದಲ್ಲಿ ಮೋಟರ್‌ಸೈಕಲ್ಲುಗಳಿಗೆ ಅಯಸ್ಕಾಂತ ತಯಾರಿಸುವ ಒಂದು ಸಣ್ಣ ಕಾರ್ಖಾನೆ. ಮದುವೆಗೆ ಮುಂಚೆ ಹುಬ್ಬಳ್ಳಿಯಲ್ಲಿ ಎಲೆಕ್ಟ್ರಿಕಲ್ ಇಂಜಿನಿಯರಿಂಗ್ ಓದಿದ್ದೆ. ಆಮೇಲೆ ಮನೆ, ಮಗಳು, ಪುಣೆ. ಇಷ್ಟು ವರ್ಷ ಮನೆಯಲ್ಲಿದ್ದವಳಿಗೆ ಏನು ನೆನಪಿದ್ದೀತು ಎಂದು ಯಾರೂ ಬಾಯಿಬಿಟ್ಟು ಕೇಳಲಿಲ್ಲ. ಆದರೆ ನನಗೇ ಆ ಅನುಮಾನವಿತ್ತು. ಟೆಸ್ಟಿಂಗ್ ರೂಮಿನಲ್ಲಿ ಮೀಟರು ನೋಡಿ ಅಂಕಿ ಬರೆದಿಡುವುದಷ್ಟೇ ನನ್ನ ಕೆಲಸ. ಯಾವ ಮಾತಿಗೂ ನಾನಾಗಿ ಬಾಯಿ ಹಾಕುತ್ತಿರಲಿಲ್ಲ.

ಅಲ್ಲಿನ ಹಿರಿಯ ಇಂಜಿನಿಯರು ಅಥಣಿ ಕಡೆಯವರು. ಮಾಲೀಕರೊಡನೆ ಮರಾಠಿ, ನನ್ನೊಡನೆ ಅಚ್ಚ ನಮ್ಮ ಕಡೆಯ ಕನ್ನಡ. ಅವರನ್ನು ಹುಡುಕಿಕೊಂಡೇ ಒಂದು ಬೆಳಿಗ್ಗೆ ಪುಣೆಯ ಕ್ಯಾಂಪ್ ಬಡಾವಣೆಯ ಹೋಟೆಲಿನವರೊಬ್ಬರು ಬಂದರು. ಉಡುಪಿ ಕಡೆಯವರು. ಹೋಟೆಲಿನ ಮಹಡಿಯ ಮೇಲೆ ಸಣ್ಣ ಸಭಾಂಗಣ ಮಾಡಿಕೊಂಡಿದ್ದರು. ಊರಿನಿಂದ ಮೇಳದವರನ್ನು ಕರೆಸಿ ಯಕ್ಷಗಾನ ಆಡಿಸುತ್ತಿದ್ದರು. ಹಳೆಯ ಬೆಡ್‌ಶೀಟಿನಲ್ಲಿ ಸುತ್ತಿ ತಂದಿದ್ದನ್ನು ಇಬ್ಬರು ಹಿಡಿದು ಮೇಜಿನ ಮೇಲಿಟ್ಟರು. ಮುಚ್ಚಿಹೋದ ಸಿನಿಮಾ ಥಿಯೇಟರೊಂದರಿಂದ ಬಂದ ಹಾರ್ನ್ ಸ್ಪೀಕರಿನ ಹಿಂಭಾಗ ಅದು. ಅದರ ನಡುವೆ ನನ್ನ ಮುಷ್ಟಿಗಿಂತ ದೊಡ್ಡ ಅಯಸ್ಕಾಂತ.

"ಕಾಯಿಲ್ ಸುಟ್ಟಿತ್ತು. ಹೊಸತು ಹಾಕುವ ಅಂತ ಪೂರ್ತಿ ಬಿಚ್ಚಿದೆ ಮಾರಾಯ್ರೆ," ಎಂದರು ಅವರು. "ಪುನಃ ಜೋಡಿಸಿದ್ರೆ ಸ್ವರವೇ ಇಲ್ಲ. ಗುಬ್ಬಿ ಕೂಗಿದ ಹಾಗೆ ಕೇಳ್ತದೆ. ಬರುವ ಆದಿತ್ಯವಾರ ಆಟ ಉಂಟು."

ಅವರು ತಿಳಿಯದೆ ಮಾಡಿದ ಕೆಲಸ. ಹಳೆಯ ಜಾತಿಯ ಅಯಸ್ಕಾಂತವನ್ನು ಅದರ ಕಬ್ಬಿಣದ ಕವಚದಿಂದ ಬಿಡಿಸಿದರೆ ಬಹುಪಾಲು ಶಕ್ತಿ ಸೋರಿಹೋಗುತ್ತದೆ. ಮತ್ತೆ ಅದಕ್ಕೆ ಕಾಂತಶಕ್ತಿ ತುಂಬಬೇಕು. ಹಾಗೆ ತುಂಬುವ ಮಷೀನು ನಮ್ಮಲ್ಲಿತ್ತು. ಎಷ್ಟು ತುಂಬಬೇಕು ಎಂಬುದು ಹಿಂದಿನ ತಗಡಿನ ಮೇಲೆ ಇಂಗ್ಲಿಷಿನಲ್ಲಿ ಅಚ್ಚಾಗಿತ್ತು: ನೂರಿಪ್ಪತ್ತು ಕಿಲೋಲೈನು. ಅಯಸ್ಕಾಂತದ ಒಟ್ಟು ಫ್ಲಕ್ಸನ್ನು, ಎಂದರೆ ಅದರಿಂದ ಹೊಮ್ಮುವ ಕಾಂತಪ್ರವಾಹವನ್ನು, ಆಗೆಲ್ಲ ಲೈನುಗಳಲ್ಲಿ ಎಣಿಸುತ್ತಿದ್ದರು. ಮ್ಯಾಕ್ಸ್‌ವೆಲ್ ಎಂದರೂ ಅದೇ. ನಮ್ಮ ಮೀಟರಿಗೆ ಆ ಭಾಷೆ ಬರುತ್ತಿರಲಿಲ್ಲ. ಅದು ತೋರಿಸುವುದು ಈಗಿನ ಅಳತೆಯಾದ ಮಿಲಿವೆಬರ್.

ಇಂಜಿನಿಯರು ಮೊಬೈಲಿನಲ್ಲಿ ಲೆಕ್ಕ ಹಾಕಿ ಹುಬ್ಬೇರಿಸಿದರು. "ಹದಿನೈದು ಮಿಲಿವೆಬರ್! ನಮ್ಮ ಮಷೀನಿನ ಅಪ್ಪ ಬಂದ್ರೂ ಆಗೂದಿಲ್ರಿ ಇದು."

ಮಾಲೀಕರು ಬಂದು ನೋಡಿ, ಆಗದ ಕೆಲಸ ಹಿಡಿದುಕೊಂಡು ಕೂರುವುದು ಬೇಡ, ವಾಪಸು ಕೊಟ್ಟುಬಿಡಿ ಎಂದರು. ಹೋಟೆಲಿನವರು ಬೆಡ್‌ಶೀಟಿನ ತುದಿಗಳನ್ನು ಒಂದೊಂದಾಗಿ ಮಡಚತೊಡಗಿದರು.

ನಾನು ಅಷ್ಟು ಹೊತ್ತು ಸ್ಪೀಕರಿನ ನಡುವಿನ ಕಬ್ಬಿಣದ ಕಂಬವನ್ನೇ ನೋಡುತ್ತಿದ್ದೆ. ಅಯಸ್ಕಾಂತದ ಫ್ಲಕ್ಸೆಲ್ಲ ಹಾಯಬೇಕಾದದ್ದು ಅದರ ಮೂಲಕವೇ. ಹೆಬ್ಬೆರಳು ಮತ್ತು ನಡುಬೆರಳಿನಿಂದ ಹಿಡಿದು ನೋಡಿದೆ. ಮೂರೂವರೆ ಸೆಂಟಿಮೀಟರು ದಪ್ಪವಿದ್ದೀತು. ಹದಿನೈದು ಮಿಲಿವೆಬರ್ ಅದರಲ್ಲಿ ಹಾಯ್ದರೆ ಫ್ಲಕ್ಸಿನ ಸಾಂದ್ರತೆ ಸುಮಾರು ಹದಿನೈದು ಟೆಸ್ಲಾ ಆಗುತ್ತದೆ. ಕಬ್ಬಿಣಕ್ಕೆ ಎರಡು ಟೆಸ್ಲಾದ ಹೊತ್ತಿಗೇ ಹೊಟ್ಟೆ ತುಂಬಿಹೋಗುತ್ತದೆ. ಇದನ್ನು ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ತಲೆಯೊಳಗೆ ಎಲ್ಲೋ ಹಾಗೇ ಇತ್ತು, ಕರೆದ ಕೂಡಲೇ ಎದ್ದು ಬಂತು.

"ಸರ್, ಒಂದು ಮಾತು ಹೇಳ್ಲಿ? ಇಷ್ಟು ಸಣ್ಣ ಕಂಬದಾಗ ಅಷ್ಟು ಫ್ಲಕ್ಸ್ ಹಿಡಿಯೂದಿಲ್ರಿ. ಇದನ್ನ ಮಾಡಿದವರಿಗೂ ಹಿಡಿಸಲಿಕ್ಕೆ ಆಗಿರೂದಿಲ್ಲ. ಲೆಕ್ಕ ಎಲ್ಲೋ ತಪ್ಪೇದ."

"ನಾ ಅಲ್ರಿ, ಮೊಬೈಲ್ ಲೆಕ್ಕಾ ಹಾಕೇದ," ಎಂದು ನಗುತ್ತಲೇ ಫೋನನ್ನು ನನ್ನ ಕೈಗೆ ಕೊಟ್ಟರು.

ಪರದೆಯ ಮೇಲೆ ಹಳೆಯ ಅಳತೆಗಳ ಹೆಸರುಗಳು ಒಂದರ ಕೆಳಗೊಂದು ಇದ್ದವು. ಅವರು ಲೈನ್ ಎಂಬುದನ್ನು ಒತ್ತಲು ಹೋಗಿ ಬೆರಳು ಜಾರಿ ಯುನಿಟ್ ಪೋಲ್ ಎಂಬುದನ್ನು ಒತ್ತಿದ್ದರು. ಅದೂ ಹಳೆಯ ಅಳತೆಯೇ. ಆದರೆ ಒಂದು ಯುನಿಟ್ ಪೋಲ್ ಎಂದರೆ ಸುಮಾರು ಹನ್ನೆರಡೂವರೆ ಲೈನು. ಉತ್ತರವೂ ಅಷ್ಟೇ ಪಟ್ಟು ಉಬ್ಬಿಕೊಂಡಿತ್ತು.

"ಮೊಬೈಲೇ ಬ್ಯಾಡ ಬಿಡ್ರಿ," ಎಂದೆ. ನನ್ನ ದನಿ ನನಗೇ ಹೊಸದಾಗಿ ಕೇಳಿಸಿತು. "ಒಂದು ವೆಬರ್ ಅಂದ್ರ ಹತ್ತು ಕೋಟಿ ಲೈನು. ಮಿಲಿವೆಬರ್ ಅದರಾಗ ಸಾವಿರದ ಒಂದು ಪಾಲು, ಅಂದ್ರ ಸರಿಯಾಗಿ ಒಂದು ಲಕ್ಷ. ನೂರಿಪ್ಪತ್ತು ಕಿಲೋಲೈನು ಅಂದ್ರ ಒಂದು ಲಕ್ಷ ಇಪ್ಪತ್ತು ಸಾವಿರ ಲೈನು. ಮುಗೀತಲ್ರಿ, ಒಂದು ಪಾಯಿಂಟ್ ಎರಡು ಮಿಲಿವೆಬರ್!"

ಇಂಜಿನಿಯರು ಕ್ಷಣ ಹೊತ್ತು ಬಾಯೊಳಗೇ ಎಣಿಸಿದರು. ಆಮೇಲೆ ಮೇಜು ಕುಟ್ಟಿ, "ಲಕ್ಷ! ಲಕ್ಷದ ಲೆಕ್ಕದಾಗ ಭಾಳ ಸರಳ ಅದಲ್ರಿ ಇದು!" ಎಂದು ನಕ್ಕುಬಿಟ್ಟರು. ತಪ್ಪಿದ್ದು ತಮ್ಮ ಲೆಕ್ಕ ಎಂಬ ಮುಜುಗರ ಆ ನಗುವಿನಲ್ಲಿ ಎಳ್ಳಷ್ಟೂ ಇರಲಿಲ್ಲ. ಮಾಲೀಕರನ್ನು ಅವರೇ ಕೂಗಿ ಕರೆದರು.

ಕೆಲಸ ಹಾಗೆಂದು ಸುಲಭವಾಗಿರಲಿಲ್ಲ. ಸ್ಪೀಕರು ನಮ್ಮ ಮಷೀನಿನ ಬಾಯಿಗೆ ಕೂರಲಿಲ್ಲ. ಇಂಜಿನಿಯರು ಅದಕ್ಕೆಂದೇ ದೊಡ್ಡದೊಂದು ತಾಮ್ರದ ಸುರುಳಿ ಸುತ್ತಿದರು. ನಾನು ಎದುರು ನಿಂತು ತಂತಿ ಬಿಗಿಹಿಡಿದೆ. ಊಟವಾದ ಮೇಲೆ ಮೊದಲ ಸಲ ವಿದ್ಯುತ್ ಹರಿಸಿದೆವು. ಧಡ್ ಎಂದು ಮೇಜು ಅದುರಿತು. ಕಂಬದ ಸುತ್ತಲಿನ ಸಂದಿಗೆ ಮೀಟರಿಗೆ ಜೋಡಿಸಿದ್ದ ತಂತಿಬಳೆ ಇಳಿಸಿ ಮೇಲಕ್ಕೆಳೆದೆ. ಮೀಟರು ಒಂದರ ಒಳಗೇ ನಿಂತಿತು.

"ಕರೆಂಟ್ ಇನ್ನಷ್ಟು ಏರಿಸೋಣರಿ," ಎಂದೆ. ಕೇಳಿದ್ದಲ್ಲ, ಹೇಳಿದ್ದು. ಅವರು ಕೂಡಲೇ ಏರಿಸಿದರು.

ಈ ಸಲದ ಸದ್ದಿಗೆ ಪಕ್ಕದ ಶೆಡ್ಡಿನವರೂ ಇಣುಕಿದರು. ಬಳೆ ಎಳೆದೆ. ಒಂದು ಪಾಯಿಂಟ್ ಎರಡು. ಇನ್ನೊಮ್ಮೆ ಎಳೆದೆ. ಅದೇ ಅಂಕಿ!

"ಜಮ್ಲಂ, ಮ್ಯಾಡಮ್!" ಎಂದು ಮಾಲೀಕರು ಚಪ್ಪಾಳೆ ತಟ್ಟಿದರು. ಕೂಡಿಬಂತು ಎನ್ನುವುದಕ್ಕೆ ಮರಾಠಿಯ ಆ ಒಂದು ಮಾತು ಸಾಕು. ಇಂಜಿನಿಯರು ಎಲ್ಲರಿಗೂ ಚಹಾ ಹೇಳಿದರು. ನಾನು ಕಪ್ಪು ಬದಿಗಿಟ್ಟು ಆ ಅಂಕಿಯನ್ನು ಪುಸ್ತಕದಲ್ಲಿ ಬರೆದಿಟ್ಟೆ.

ಭಾನುವಾರ ಮಗಳನ್ನು ಕರೆದುಕೊಂಡು ಆಟಕ್ಕೆ ಹೋದೆ. ಸಭಾಂಗಣ ತುಂಬಿ ಮೆಟ್ಟಿಲಿನ ಮೇಲೂ ಜನ ಕೂತಿದ್ದರು. ಹೋಟೆಲಿನವರು ನಮ್ಮನ್ನು ಮುಂದಿನ ಸಾಲಿಗೆ ಕರೆದೊಯ್ದು, ಪಕ್ಕದವರಿಗೆಲ್ಲ ಕೇಳುವಂತೆ, "ಇವತ್ತು ಸ್ವರ ಬರುವುದು ಇವರಿಂದ," ಎಂದರು. ಮಗಳು ನನ್ನತ್ತ ತಿರುಗಿ ನೋಡಿದಳು. ಹಾಗೆ ಅವಳು ಎಂದೂ ನನ್ನನ್ನು ನೋಡಿರಲಿಲ್ಲ.

ಭಾಗವತರು ಕೆಮ್ಮಿ ಗಂಟಲು ಸರಿಮಾಡಿಕೊಂಡರು. ಆ ಕೆಮ್ಮೇ ಗೋಡೆಯಿಂದ ಗೋಡೆಗೆ ಹೋಯಿತು, ಜನ ನಕ್ಕರು. ಆಮೇಲೆ ಅವರು ಎತ್ತಿಕೊಂಡ ಮೊದಲ ಪದ ಕೊನೆಯ ಸಾಲಿನ ಆಚೆ, ಮೆಟ್ಟಿಲು ದಾಟಿ, ಕೆಳಗೆ ದೋಸೆ ಹೊಯ್ಯುತ್ತಿದ್ದವರ ಕಿವಿಯವರೆಗೂ ಇಳಿಯಿತು. ಅಲ್ಲಿಂದಲೇ ಯಾರೋ ಜೋರಾಗಿ ಸಿಳ್ಳೆ ಹಾಕಿದರು.