ಸಾಕೆಂದು ಎದ್ದು ಹೋದವಳು

ಕಳೆದ ವಾರ ಬೀದರಿನ ಬಸ್ ನಿಲ್ದಾಣದ ಹೊರಗೆ ಒಬ್ಬಾಕೆ ಹಸಿಗಡಲೆ ಗಿಡಗಳನ್ನು ಕಟ್ಟು ಕಟ್ಟಿ ಮಾರುತ್ತಿದ್ದಳು. ಆ ಹುಳಿ ಹುಳಿ ವಾಸನೆ ಮೂಗಿಗೆ ಬಡಿದದ್ದೇ ತಡ, ನನ್ನ ಜೊತೆ ಕೆಲಸ ಮಾಡಿದ ಹಿಂದಿ ಟೀಚರ್ ನೆನಪಾದಳು. ಜೊತೆಗೆ, ಎಂದೋ ಆರಿಹೋಯಿತು ಎಂದುಕೊಂಡಿದ್ದ ಹೊಟ್ಟೆಕಿಚ್ಚೂ…

ಔರಾದದ ಒಂದು ಪ್ರೌಢಶಾಲೆಯಲ್ಲಿ ಅವಳು ಹಿಂದಿ ಕಲಿಸುತ್ತಿದ್ದಳು, ನಾನು ಗಣಿತ. ಇಬ್ಬರೂ ಬೀದರಿನಿಂದ ದಿನಾ ಒಂದೇ ಬಸ್ಸಿಗೆ ಹೋಗಿಬರುತ್ತಿದ್ದೆವು. ವಯಸ್ಸಿನಲ್ಲಿ ನನಗಿಂತ ಚಿಕ್ಕವಳು, ಸೇವೆಯಲ್ಲಿ ಒಂದು ವರ್ಷ ಹಿರಿಯಳು. ಚಳಿಗಾಲದಲ್ಲಿ ಮಡಿಲ ತುಂಬ ಹಸಿಗಡಲೆ ಹಾಕಿಕೊಂಡು ಸುಲಿಯುತ್ತ ಕೂರುವಳು. ಕಾಯಲ್ಲಿ ಎರಡು ಕಾಳು ಸಿಕ್ಕರೆ ಮುಖ ಅರಳುವುದು. ಒಂದನ್ನು ನನ್ನ ಅಂಗೈಗೆ ಹಾಕುವಳು. ನಾನು ಅದನ್ನು ಜಗಿಯುತ್ತಲೇ ವರ್ಗಾವಣೆ, ಬಡ್ತಿ ಎಂದು ಗೊಣಗುತ್ತಿದ್ದೆ.

ಒಮ್ಮೆ ಬಸ್ಸು ನಡುದಾರಿಯಲ್ಲಿ ಕೆಟ್ಟು ನಿಂತಿತು. ನಾನು ಗಡಿಯಾರ ನೋಡುತ್ತ ಸಿಡಿಮಿಡಿಗುಟ್ಟುತ್ತಿದ್ದರೆ, ಅವಳು ಪಕ್ಕದ ಹೊಲದ ಹೆಂಗಸರ ಜೊತೆ ಕೂತು, ಅವರು ಕೊಟ್ಟ ರೊಟ್ಟಿ ತಿಂದು, ತವರಿಗೆ ಹೋಗಿಬಂದವಳ ಹಾಗೆ ಮರಳಿದಳು. ನನ್ನ ಮೈ ಉರಿಯಿತು. ಅದೇ ಬಸ್ಸು, ಅದೇ ಧೂಳು. ಇವಳಿಗೆ ಇಷ್ಟು ಸುಲಭವಾಗಿ ಸಿಗುವುದು ನನಗೇಕೆ ಸಿಗುವುದಿಲ್ಲ?

ನಮ್ಮ ಮುಖ್ಯೋಪಾಧ್ಯಾಯರು ನಿವೃತ್ತರಾದಾಗ ಅವರ ಜಾಗದ ಪ್ರಭಾರ ಅವಳಿಗೆ ಬಂತು. ಅವಳಿಗೆ ಇಂಥದ್ದೆಲ್ಲ ಬೇಡ, ನನಗೇ ಬಿಟ್ಟುಕೊಡುತ್ತಾಳೆ ಎಂದು ನಂಬಿ ನಾನು ಮನೆಯಲ್ಲಿ ಹೇಳಿಯೂ ಬಿಟ್ಟಿದ್ದೆ. ಆದರೆ ಅವಳು ಪ್ರಭಾರ ವಹಿಸಿಕೊಂಡಳು. ಅಧಿಕಾರಿಗಳ ಮುಂದೆ ಹಲ್ಲುಗಿಂಜಿ ಕುರ್ಚಿ ಹಿಡಿದಳೆಂದು ನಾನು ಸ್ಟಾಫ್ ರೂಮಿನಲ್ಲಿ ಹಬ್ಬಿಸಿದೆ. ಸುಳ್ಳೆಂದು ನನಗೆ ಗೊತ್ತಿತ್ತು.

ಆ ವರ್ಷ ಡಾಬಕಾ ಎಂಬ ಹಳ್ಳಿಯ ನಾಲ್ವರು ಹುಡುಗಿಯರು ಒಂಬತ್ತನೆಯ ತರಗತಿಗೇ ಶಾಲೆ ಬಿಟ್ಟಿದ್ದರು. ಅವಳು ರವಿವಾರಗಳಂದು ಅವರ ಮನೆಗಳಿಗೆ ಹೋಗಿ, ತಾಯಂದಿರ ಜೊತೆ ಮರಾಠಿಯಲ್ಲಿ ಮಾತಾಡಿ, ನಾಲ್ವರನ್ನೂ ಮರಳಿ ಕರೆತಂದಳು. ಹತ್ತನೆಯ ಪರೀಕ್ಷೆಯನ್ನೂ ಬರೆಸಿದಳು. ಊರಲ್ಲಿ ಅವಳ ಹೆಸರಾಯಿತು. ನಾನು ಹೊಗಳುವವರ ಜೊತೆ ನಕ್ಕು, ಮನೆಗೆ ಬಂದು ಊಟ ಬಿಡುತ್ತಿದ್ದೆ.

ಪರೀಕ್ಷೆ ಮುಗಿದ ಮರುದಿನ ಖಾಲಿ ತರಗತಿಗೆ ನನ್ನನ್ನು ಕರೆದು, ಸ್ವಯಂನಿವೃತ್ತಿಗೆ ಅರ್ಜಿ ಕೊಟ್ಟೆ ಎಂದಳು. ಇನ್ನೂ ಎಂಟು ವರ್ಷ ಸೇವೆ ಇತ್ತು. ನಾನು ಹಬ್ಬಿಸಿದ ಮಾತು ಕಿವಿಗೆ ಬಿತ್ತೇನೋ ಎಂದುಕೊಂಡೆ.

“ಯಾಕ, ಯಾರರ ಏನರ ಅಂದ್ರೇನು?” ಎಂದೆ.

“ನೀವು ಅಂದದ್ದು ಗೊತ್ತದರಿ ಅಕ್ಕಾ. ಅದಕ್ಕಲ್ಲ,” ಎಂದಳು, ಸ್ವಲ್ಪವೂ ದನಿ ಏರಿಸದೆ. “ನಿನ್ನೆ ಆ ಹುಡುಗ್ಯಾರು ಪೇಪರ್ ಬರದು ನಕ್ಕೋತ ಹೊಂಟಿದ್ರು. ನೋಡಿ ಹೊಟ್ಟಿ ತುಂಬ್ತು. ಸಾಕಾಗಿ ಹೋಗ್ಲತ್ತಿಲ್ಲರಿ, ಸಾಕು ಅನಿಸಿ ಹೋಗ್ತೇನಿ.”

ಕ್ಷಮೆ ಕೇಳಬೇಕಿತ್ತು. ಕುರ್ಚಿ ಇನ್ನು ನನ್ನದೆಂಬ ಯೋಚನೆಯೇ ಮೊದಲು ಬಂತು…

ಅವಳು ತಂಗಿಯ ಜೊತೆಗಿರಲು ಭಾಲ್ಕಿ ಕಡೆಯ ಹಳ್ಳಿ ಸಾಯಗಾಂವಕ್ಕೆ ಹೋದಳು. ನಾನು ಆ ಕುರ್ಚಿಯಲ್ಲಿ ಸೇವೆಯ ಕೊನೆಯ ದಿನದವರೆಗೂ ಕೂತೆ. ಬಯಸಿದ್ದು ಸಿಕ್ಕಿತ್ತು, ಆದರೆ ಅವಳು ಎಡಗೈಯಲ್ಲಿ ಬಿಟ್ಟುಹೋದದ್ದನ್ನು ನಾನು ಎರಡೂ ಕೈಯಲ್ಲಿ ಹಿಡಿದಿದ್ದೇನೆಂಬ ಅರಿವು ಸುಮ್ಮನೆ ಕೂರಗೊಡುತ್ತಿರಲಿಲ್ಲ. ತೊಗರಿ ಹೂ ಬಿಟ್ಟಿದೆ, ಬನ್ನಿ ಎಂದು ಪ್ರತಿ ವರ್ಷ ಫೋನ್ ಮಾಡುವಳು. ಅವಳ ನೆಮ್ಮದಿಯನ್ನು ಕಣ್ಣಾರೆ ನೋಡುವ ಧೈರ್ಯವಿರಲಿಲ್ಲ. ಕೆಲಸವಿದೆ ಎನ್ನುತ್ತಿದ್ದೆ.

ಹೋದ ವರ್ಷ ಫೋನ್ ಮಾಡಿದ್ದು ಅವಳ ತಂಗಿ. ಹೃದಯಾಘಾತವಂತೆ. ಭಾಲ್ಕಿಯ ಆಸ್ಪತ್ರೆ ಮುಟ್ಟುವ ಮೊದಲೇ… ನಾನು ಸಾಯಗಾಂವ ಮೊದಲ ಸಲ ನೋಡಿದ್ದು ಅಂದು. ತಂಗಿ ಚಹಾ ಕೊಟ್ಟು, ಔರಾದದ ಬಸ್ಸಿನ ಅಕ್ಕ ನೀವೇ ಏನು ಎಂದು ಕೇಳಿದಳು. ಹೌದೆಂದೆ.

“ಸಾಲಿ ನೆನಪು ಬರಂಗಿಲ್ಲ, ಅಕ್ಕನ ಜೋಡಿ ಬಸ್ಸಿನ್ಯಾಗ ಹೋಗೋದು ಭಾಳ ನೆನಪು ಬರ್ತದ ಅಂತಿದ್ದಳ್ರಿ.”

ಅವಳ ಯಾವ ಸಂತೋಷಕ್ಕೆ ನಾನು ಅಷ್ಟು ವರ್ಷ ಉರಿದೆನೋ, ಅದರೊಳಗೆ ನಾನೂ ಇದ್ದೆ. ನನಗೆ ತಿಳಿಯಲಿಲ್ಲ, ಅಷ್ಟೆ. ಈಗ ನನಗೆ ಬೇಕಾದಷ್ಟು ಬಿಡುವಿದೆ. ಹೊಟ್ಟೆಕಿಚ್ಚು ಹೋಗಿದೆಯೆಂದರೆ ಸುಳ್ಳಾದೀತು. ಅವಳಿದ್ದಿದ್ದರೆ ಅದನ್ನೂ ಅವಳೆದುರೇ ಹೇಳಿಬಿಡುತ್ತಿದ್ದೆ.